ಬೆಳೆದ ನಾಯಿ ಮನೆಗೆ ಬಂದಾಗ: ಮೊದಲ ದಿನದಿಂದ ಮೂರನೇ ತಿಂಗಳವರೆಗೆ

ಮರಿಯನ್ನು ತಂದರೆ ಅದಕ್ಕೆ ಹಿಂದಿನದು ಹೆಚ್ಚೇನೂ ಇರುವುದಿಲ್ಲ. ಬೆಳೆದ ನಾಯಿಗೆ ಹಾಗಲ್ಲ. ಯಾವ ಸದ್ದಿನ ಹಿಂದೆ ಊಟ ಬರುತ್ತದೆ, ಯಾವ ಹೆಜ್ಜೆಯ ಹಿಂದೆ ಏಟು ಬೀಳುತ್ತದೆ, ಎಲ್ಲಿ ಮಲಗಿದರೆ ಯಾರೂ ಎಬ್ಬಿಸುವುದಿಲ್ಲ ಎಂಬ ಲೆಕ್ಕವೆಲ್ಲ ಅದಕ್ಕೆ ಪಕ್ಕಾ ಆಗಿರುತ್ತದೆ. ಒಂದೇ ಮಧ್ಯಾಹ್ನದಲ್ಲಿ ಆ ಲೆಕ್ಕ ತಲೆಕೆಳಗಾಗಿ, ಗುರುತಿಲ್ಲದ ಮನೆಯಲ್ಲಿ ಗುರುತಿಲ್ಲದ ಜನರ ನಡುವೆ ಬಂದು ನಿಂತಿರುತ್ತದೆ. ಅದೇ ಹೊತ್ತಿಗೆ ಮನೆಮಂದಿಯೆಲ್ಲ ಸುತ್ತುಗಟ್ಟಿ ತಲೆ ಸವರುತ್ತಾರೆ, ಸ್ನಾನ ಮಾಡಿಸುತ್ತಾರೆ, ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾರೆ. ನಾಯಿ ಹಲ್ಲು ತೋರಿಸಿತು, ಗೇಟು ಹಾರಿ ಓಡಿತು ಎಂಬ ಮೊದಲ ವಾರದ ಗೋಳು ಶುರುವಾಗುವುದು ಸಾಮಾನ್ಯವಾಗಿ ಈ ಸಂಭ್ರಮದಿಂದಲೇ.

ಶೆಲ್ಟರ್‌ಗಳಲ್ಲಿ, ಅಂದರೆ ಮನೆಯಿಲ್ಲದ ನಾಯಿಗಳನ್ನು ಸಾಕುವ ಆಶ್ರಯಗಳಲ್ಲಿ, ದುಡಿಯುವವರು ‘ಮೂರು ದಿನ, ಮೂರು ವಾರ, ಮೂರು ತಿಂಗಳು’ ಎಂಬ ಅಂದಾಜು ಹೇಳುತ್ತಾರೆ. ಕಂಗಾಲು ಇಳಿಯಲು ಮೂರು ದಿನ, ಮನೆಯ ದಿನಚರಿ ಹಿಡಿಯಲು ಮೂರು ವಾರ, ಇದು ನನ್ನ ಮನೆ ಎಂದು ಮೈಮರೆತು ಮಲಗಲು ಮೂರು ತಿಂಗಳು. ಇದು ಕೈಲೆಕ್ಕವಷ್ಟೆ. ಹೆದರಿ ಬೆಳೆದ ನಾಯಿಗೆ ಇದರ ಎರಡರಷ್ಟು ಹಿಡಿಯಬಹುದು. ಅಲ್ಲಿಯವರೆಗೆ ನಮ್ಮ ಕೆಲಸದಲ್ಲಿ ಹೆಚ್ಚಿನದು ಕೈಕಟ್ಟಿ ಕೂರುವುದು, ಮತ್ತು ಅದು ಅಂದುಕೊಂಡಷ್ಟು ಸುಲಭವಲ್ಲ.

ಕರೆತರುವ ಮುನ್ನ ಕೇಳಬೇಕಾದ್ದು

ನಾಯಿಯನ್ನು ಕೊಡುವವರ ಹತ್ತಿರ ‘ಒಳ್ಳೇ ನಾಯಿನಾ?’ ಎಂದು ಕೇಳಿದರೆ ‘ಹೌದು, ತುಂಬಾ ಒಳ್ಳೇದು’ ಎಂಬ ಉತ್ತರವೇ ಸಿಗುತ್ತದೆ. ಉಪಯೋಗಕ್ಕೆ ಬರುವ ಪ್ರಶ್ನೆಗಳು ಬೇರೆ. ಯಾವ ಆಹಾರ, ದಿನಕ್ಕೆ ಎಷ್ಟು ಗ್ರಾಂ, ಎಷ್ಟು ಹೊತ್ತಿಗೆ? ಮಲಮೂತ್ರಕ್ಕೆ ಹುಲ್ಲು ಅಭ್ಯಾಸವೋ, ಸಿಮೆಂಟು ನೆಲವೋ? ಯಾವ ಮಾತಿಗೆ ಓಗೊಡುತ್ತದೆ? ಒಂಟಿಯಾಗಿ ಎಷ್ಟು ಹೊತ್ತು ಇದ್ದು ಗೊತ್ತು? ತಿನ್ನುತ್ತಿರುವಾಗ ಹತ್ತಿರ ಹೋದರೆ ಏನು ಮಾಡುತ್ತದೆ? ಬೆಕ್ಕು, ಮಕ್ಕಳು, ಸೈಕಲ್ಲು, ಗುಡುಗು ಇವಕ್ಕೆ ಹೇಗೆ? ಎಂದಾದರೂ ಕಚ್ಚಿದ್ದರೆ, ಅದಕ್ಕೆ ಅರೆ ನಿಮಿಷ ಮೊದಲು ಏನು ನಡೆಯುತ್ತಿತ್ತು?

ಲಸಿಕೆಯ ಪುಸ್ತಕ, ಜಂತುಹುಳುವಿನ ಔಷಧ ಕೊಟ್ಟ ತಾರೀಖು, ಮೈಕ್ರೋಚಿಪ್, ಅಂದರೆ ಚರ್ಮದಡಿ ಸೇರಿಸಿದ ಗುರುತಿನ ಚಿಪ್ಪಿನ, ಸಂಖ್ಯೆ ಕೈಗೆ ಬರಲಿ. ಚಿಪ್ ಇದ್ದೂ ಅದು ಹಳೆಯ ಯಜಮಾನರ ಹೆಸರಿನಲ್ಲೇ ಉಳಿದರೆ ನಾಯಿ ಕಳೆದಾಗ ಫೋನು ಹೋಗುವುದು ಅವರಿಗೆ, ಆದ್ದರಿಂದ ನೋಂದಣಿಯನ್ನು ಆ ದಿನವೇ ಬದಲಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆ ಈಚೆಗಷ್ಟೇ ಆಗಿದ್ದರೆ ಗಾಯ ಕೂಡುವವರೆಗೆ, ಸಾಮಾನ್ಯವಾಗಿ 10ರಿಂದ 14 ದಿನ, ಓಟ, ಜಿಗಿತ, ಸ್ನಾನ ಬೇಡ. ಕೊನೆಗೆ ಎರಡು ವಸ್ತು ಬೇಡಿ ತನ್ನಿ: ಒಂದು ವಾರಕ್ಕಾಗುವಷ್ಟು ಅದೇ ಹಳೆಯ ಆಹಾರ, ಮತ್ತು ಅದು ಮಲಗುತ್ತಿದ್ದ ಬಟ್ಟೆಯ ಒಂದು ತುಂಡು. ಬಟ್ಟೆಯನ್ನು ಒಗೆಯಬೇಡಿ. ಹೊಸ ಮನೆಯಲ್ಲಿ ಅದಕ್ಕೆ ಗುರುತಿರುವ ವಾಸನೆ ಅದೊಂದೇ.

ಸಾಮಾನು

ಕುತ್ತಿಗೆಯ ಬೆಲ್ಟು ಮತ್ತು ಮೈಯ ಬೆಲ್ಟು, ಅಂದರೆ ಹಾರ್ನೆಸ್, ಎರಡೂ ಬೇಕು. ಕುತ್ತಿಗೆ ಬೆಲ್ಟಿನ ಒಳಗೆ ಎರಡು ಬೆರಳು ತೂರುವಷ್ಟು ಜಾಗವಿರಲಿ, ಅದಕ್ಕೆ ನಿಮ್ಮ ಫೋನ್ ನಂಬರ್ ಕೆತ್ತಿದ ಬಿಲ್ಲೆ ಹಾಕಿ. ಹಾರ್ನೆಸ್‌ನ ಮುಂಭಾಗ ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಕೂಡಬೇಕು. ಪಟ್ಟಿ ಭುಜಕ್ಕೆ ಅಡ್ಡವಾಗಿ ಬಂದರೆ ಮುಂಗಾಲು ಚಾಚಲು ಆಗುವುದಿಲ್ಲ.

ಹೆದರಿದ ನಾಯಿ ಮುಂದಕ್ಕೆ ಎಳೆದು ತಪ್ಪಿಸಿಕೊಳ್ಳುವುದಿಲ್ಲ. ನಿಮ್ಮ ಕಡೆ ಮುಖಮಾಡಿ, ತಲೆ ತಗ್ಗಿಸಿ ಹಿಂದಕ್ಕೆ ಜಗ್ಗುತ್ತದೆ. ಬೆಲ್ಟು ಕಿವಿ ದಾಟಿ ಕೈಗೆ ಬರುತ್ತದೆ, ಹಾರ್ನೆಸ್ ಕೂಡ ಅಷ್ಟೇ ಸಲೀಸಾಗಿ ಕಳಚುತ್ತದೆ. ಅದಕ್ಕಾಗಿ ಮೊದಲ ತಿಂಗಳು ಎರಡು ಕೊಂಡಿ ಕಟ್ಟಿ: ಒಂದು ಹಗ್ಗ ಹಾರ್ನೆಸ್‌ಗೆ, ಇನ್ನೊಂದು ಕುತ್ತಿಗೆ ಬೆಲ್ಟಿಗೆ. ತೀರ ಪುಕ್ಕಲಾದರೆ ಪಕ್ಕೆಲುಬಿನ ಹಿಂದೆ, ಸೊಂಟ ಸಣ್ಣದಾಗುವ ಕಡೆ, ಮೂರನೇ ಪಟ್ಟಿ ಇರುವ ಹಾರ್ನೆಸ್ ಕೊಳ್ಳಿ. ಅದರಿಂದ ಹಿಂದಕ್ಕೆ ಜಾರುವುದು ಕಷ್ಟ.

ಹಗ್ಗ ಸುಮಾರು 2 ಮೀಟರ್ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ, ಸುರುಳಿ ಸುತ್ತಿಕೊಳ್ಳುವ ಬಗೆಯದು ಹೊಸ ನಾಯಿಗೆ ಬೇಡವೇ ಬೇಡ. ಕೈತಪ್ಪಿ ಬಿದ್ದರೆ ಪ್ಲಾಸ್ಟಿಕ್ಕಿನ ಆ ಹಿಡಿ ನೆಲಕ್ಕೆ ಬಡಿಯುತ್ತ ಬೆನ್ನಟ್ಟಿ ಬಂದಂತೆ ಕೇಳಿಸಿ ನಾಯಿ ಇನ್ನಷ್ಟು ಓಡುತ್ತದೆ. ಮುಂದೆ ಬಯಲಿನಲ್ಲಿ ಕರೆದರೆ ಬರುವುದನ್ನು ಕಲಿಸಲು 5ರಿಂದ 10 ಮೀಟರಿನ ಉದ್ದ ಹಗ್ಗ ಬೇಕಾಗುತ್ತದೆ. ಅದನ್ನು ಕಟ್ಟುವುದು ಹಾರ್ನೆಸ್‌ಗೆ ಮಾತ್ರ. ಓಡಿ ಹಗ್ಗದ ತುದಿಗೆ ಬಂದಾಗ ಬೀಳುವ ಜಗ್ಗನ್ನು ಕುತ್ತಿಗೆ ತಡೆಯಲಾರದು.

ಮನೆಯೊಳಗೆ ಒಂದು ಮೂಲೆ ಅದಕ್ಕೇ ಮೀಸಲಿಡಿ. ಜನ ಓಡಾಡುವ ದಾರಿಯಲ್ಲಿ ಅಲ್ಲ, ಆದರೆ ಮನೆಯ ಸದ್ದು ಕೇಳುವಷ್ಟು ಹತ್ತಿರ, ಎರಡು ಕಡೆ ಗೋಡೆ ಇರುವಂತೆ. ಕ್ರೇಟ್, ಅಂದರೆ ನಾಯಿ ಮಲಗುವ ಗೂಡು, ಇಡುವುದಾದರೆ ನಾಯಿ ತಲೆ ತಗ್ಗಿಸದೆ ನಿಂತು, ಪೂರ್ತಿ ತಿರುಗಿ, ಕಾಲು ಚಾಚಿ ಮಲಗುವಷ್ಟು ದೊಡ್ಡದಿರಲಿ. ಬಾಗಿಲು ತೆರೆದೇ ಇಡಿ. ಮುಚ್ಚಿದ ಪಂಜರದಲ್ಲಿ ತಿಂಗಳುಗಟ್ಟಲೆ ಕಳೆದು ಬಂದ ನಾಯಿ ಕ್ರೇಟನ್ನು ಕಂಡರೇ ನಡುಗಬಹುದು. ಆಗ ಒತ್ತಾಯ ಬೇಡ, ಮೇಜಿನ ಕೆಳಗೊಂದು ಹಾಸಿಗೆ ಸಾಕು. ನುಣುಪು ನೆಲವಾದರೆ ಹಾಸಿಗೆಯಿಂದ ಬಾಗಿಲವರೆಗೆ, ನೀರಿನವರೆಗೆ ಜಾರದ ಚಾಪೆ ಹಾಸಿ. ಮೂಲೆ ಬಿಟ್ಟು ಕದಲದ ನಾಯಿಗೆ ಕೆಲವೊಮ್ಮೆ ಹೆದರಿಕೆ ನಮ್ಮದಲ್ಲ, ನೆಲದ್ದು. ಕಸದ ಡಬ್ಬಿಗೆ ಮುಚ್ಚಳ ಹಾಕಿ. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ ಎಂಬ ಸಿಹಿಕಾರಕ ಬೆರೆತ ಚೂಯಿಂಗ್ ಗಮ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ, ಇಲಿಪಾಷಾಣ ಇವೆಲ್ಲ ನಾಯಿಗೆ ವಿಷ. ಹಿಂಗಾಲಿನ ಮೇಲೆ ನಿಂತರೆ ಅದರ ಮೂತಿ ಎಲ್ಲಿ ತಲಪುತ್ತದೋ ಅದಕ್ಕಿಂತ ಮೇಲೆ, ಬೀಗದೊಳಗೆ ಇರಲಿ.

ಬರುವ ದಿನ

ಎರಡು ದಿನ ರಜೆ ಕೂಡಿಬರುವಂತೆ, ಬೆಳಗ್ಗೆಯೇ ಕರೆತನ್ನಿ. ಕತ್ತಲಾದ ಮೇಲೆ ಬಂದರೆ ಸುತ್ತಮುತ್ತ ನೋಡಿ ಸಮಾಧಾನಪಡಲು ಹೊತ್ತಿರುವುದಿಲ್ಲ.

1. ಹೊರಡುವ ಮೊದಲೇ ಬೆಲ್ಟು, ಹಾರ್ನೆಸ್, ಎರಡು ಕೊಂಡಿ ಹಾಕಿ ನೋಡಿ. ಹೊರಡುವ ಮುಂಚಿನ ಎರಡು ಮೂರು ಗಂಟೆ ಹೊಟ್ಟೆತುಂಬ ತಿನ್ನಿಸಬೇಡಿ ಎಂದು ಅಲ್ಲಿನವರಿಗೆ ಹೇಳಿಡಿ, ಕಾರಿನಲ್ಲಿ ವಾಂತಿ ಕಡಿಮೆಯಾಗುತ್ತದೆ.

2. ಇಬ್ಬರಿಗಿಂತ ಹೆಚ್ಚು ಜನ ಹೋಗಬೇಡಿ. ಒಬ್ಬರು ಗಾಡಿ ಓಡಿಸಲಿ, ಇನ್ನೊಬ್ಬರು ನಾಯಿಯ ಪಕ್ಕ ಸುಮ್ಮನೆ ಕೂರಲಿ. ನಾಯಿ ಕ್ರೇಟಿನಲ್ಲಿರಲಿ, ಇಲ್ಲವೇ ಹಾರ್ನೆಸ್‌ಗೆ ಸೀಟ್ ಬೆಲ್ಟಿನ ಕೊಂಡಿ ಹಾಕಿರಲಿ.

3. ಕಾರಿನ ಬಾಗಿಲು ತೆರೆಯುವ ಮೊದಲು ಹಗ್ಗ ಕೈಯಲ್ಲಿದೆಯೇ ನೋಡಿ. ಹೊಸ ನಾಯಿ ಕೈತಪ್ಪಲು ಇಷ್ಟು ಸುಲಭದ ಗಳಿಗೆ ಇನ್ನೊಂದಿಲ್ಲ.

4. ನೇರ ಮನೆಯೊಳಗೆ ಹೋಗಬೇಡಿ. ಮಲಮೂತ್ರಕ್ಕೆ ಎಂದು ನೀವು ಆರಿಸಿಟ್ಟ ಜಾಗಕ್ಕೆ ಹೋಗಿ, 15 ನಿಮಿಷ ಅದು ಮೂಸಲು ಬಿಡಿ. ಉಚ್ಚೆ ಹೊಯ್ದರೆ ಅಲ್ಲೇ ಒಂದು ತಿನಿಸು.

5. ಹಗ್ಗ ಹಿಡಿದೇ ಮನೆಯೊಳಗೆ ಒಂದು ಸುತ್ತು ಬನ್ನಿ. ನಂತರ ಅದರ ಮೂಲೆ ತೋರಿಸಿ, ನೀರು ಇಟ್ಟು, ಕೊಂಡಿ ಬಿಚ್ಚಿ, ದೂರ ಹೋಗಿ ಕೂತುಕೊಳ್ಳಿ. ಉಳಿದ ಕೋಣೆಗಳ ಬಾಗಿಲು ಮುಚ್ಚಿರಲಿ.

ಅಂದು ಸ್ನಾನ ಬೇಡ, ಉಗುರು ಕತ್ತರಿಸುವುದು ಬೇಡ, ನೆಂಟರು ಬೇಡ. ವಾಸನೆ ಬರುತ್ತಿದ್ದರೆ ಒಂದು ವಾರ ಸಹಿಸಿಕೊಳ್ಳಿ.

ಮೊದಲ ಮೂರು ದಿನ

ನಾಯಿ ಮೂಲೆ ಬಿಟ್ಟು ಬರದೆ ಇರಬಹುದು. ಇಲ್ಲವೇ ಸುಮ್ಮನೆ ಕೂರದೆ ಮನೆಯೆಲ್ಲ ಅಲೆಯಬಹುದು. ಎರಡೂ ಒಂದೇ ಗಾಬರಿಯ ಎರಡು ಮುಖ. ಹಾಸಿಗೆಯ ಕೆಳಗೆ ಹೊಕ್ಕಿದ್ದನ್ನು ಎಳೆದು ಹೊರತೆಗೆಯಬೇಡಿ. ಅಡಗುವ ಜಾಗವೂ ಭದ್ರವಲ್ಲ ಎಂದು ಗೊತ್ತಾದರೆ ಅದಕ್ಕೆ ಉಳಿಯುವ ದಾರಿ ಹಲ್ಲು ಮಾತ್ರ. ಆ ಕೋಣೆಯಲ್ಲೇ ನೆಲದ ಮೇಲೆ, ನಾಯಿಗೆ ಪಕ್ಕೆ ಕೊಟ್ಟು, ಮೊಬೈಲೋ ಪುಸ್ತಕವೋ ನೋಡುತ್ತ ಕೂರಿ. ಆಗಾಗ ಒಂದು ಚೂರು ತಿನಿಸನ್ನು ಅದರ ಕಡೆ ಎಸೆಯಿರಿ. ಅದು ಒಂದು ಹೆಜ್ಜೆ ಹತ್ತಿರ ಬಂದರೆ ಮುಂದಿನ ಚೂರನ್ನು ಅದರ ಹಿಂದಕ್ಕೆ ಎಸೆಯಿರಿ. ಕೈಯಲ್ಲಿ ತಿನಿಸು ಹಿಡಿದು ‘ಬಾ ಬಾ’ ಎಂದು ಸೆಳೆದರೆ ಹೊಟ್ಟೆಯ ಆಸೆಗೆ ತನ್ನ ಧೈರ್ಯ ಮೀರಿ ಹತ್ತಿರ ಬರುತ್ತದೆ. ತಿನಿಸು ಮುಗಿದ ಕೂಡಲೇ ತಾನೆಲ್ಲಿದ್ದೇನೆಂದು ಅರಿವಾಗಿ ಬೆದರುತ್ತದೆ, ಕೆಲವು ಕಚ್ಚಿಯೂ ಬಿಡುತ್ತವೆ. ಹಿಂದಕ್ಕೆ ಎಸೆದಾಗ ಬರುವುದೂ ಹೋಗುವುದೂ ಅದರ ಇಷ್ಟವಾಗುತ್ತದೆ, ಧೈರ್ಯ ಬೇಗ ಬೆಳೆಯುತ್ತದೆ.

ಬೆಳೆದ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗುತ್ತದೆ. ಗದ್ದಲದ ಶೆಲ್ಟರಿನಿಂದ ಬಂದದ್ದು ಬಾಕಿ ನಿದ್ದೆಯನ್ನೂ ಸೇರಿಸಿ ಮಲಗಬಹುದು, ಎಬ್ಬಿಸಬೇಡಿ. ಮೊದಲ ರಾತ್ರಿಗಳಲ್ಲಿ ಅದರ ಕೋಣೆಯಲ್ಲೇ ಯಾರಾದರೂ ಮಲಗಿದರೆ ಅಳು, ಬಾಗಿಲು ಕೆರೆತ ಬಹಳಷ್ಟು ತಪ್ಪುತ್ತದೆ. ಆಮೇಲೆ ನಿಮ್ಮ ಹಾಸಿಗೆಯನ್ನು ದಿನಕ್ಕಿಷ್ಟು ದೂರ ಸರಿಸುತ್ತ ಹೋದರಾಯಿತು.

ಮೈಯ ಮಾತು

ನಾಯಿಬಾಲ ಡೊಂಕು ಎಂದು ಆಡಿಕೊಳ್ಳುವವರು ಆ ಬಾಲ ಏನು ಹೇಳುತ್ತಿದೆ ಎಂದು ನೋಡಿರುವುದಿಲ್ಲ. ಬಾಲ ಅಲ್ಲಾಡಿದ ಮಾತ್ರಕ್ಕೆ ಖುಷಿಯಲ್ಲ. ಮೈಯೆಲ್ಲ ಸಡಿಲವಾಗಿ, ಸೊಂಟ ಸಮೇತ ಬಳುಕಿದರೆ ಖುಷಿ. ಮೈ ಬಿಗಿದು ಬಾಲವಷ್ಟೇ ಮೇಲೆತ್ತಿ ಸಣ್ಣಗೆ ಅದುರಿದರೆ ಎಚ್ಚರ. ತಿನ್ನದೆ ನಾಲಗೆ ಚಾಚಿ ಮೂಗು ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಸೆಕೆಯಿಲ್ಲದ ಏದುಸಿರು, ಒಂದು ಮುಂಗಾಲು ಎತ್ತಿ ನಿಲ್ಲುವುದು, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ನೋಡುವುದು, ಇವೆಲ್ಲ ‘ಇಷ್ಟು ಸಾಕು’ ಎನ್ನುವ ಮಾತುಗಳು. ಇವಕ್ಕೆ ಬೆಲೆ ಸಿಗದಿದ್ದರೆ ಮೈ ಕಲ್ಲಾಗುತ್ತದೆ, ಆಮೇಲೆ ಗುರ್ ಎನ್ನುತ್ತದೆ.

ಗುರ್ ಎಂದದ್ದಕ್ಕೆ ಬೈಯಬೇಡಿ, ಹೊಡೆಯಬೇಡಿ. ಗದರಿ ಗುರುಗುಟ್ಟುವುದನ್ನು ಬಿಡಿಸಿದರೆ ಅದರ ಸಿಟ್ಟಾಗಲಿ ಹೆದರಿಕೆಯಾಗಲಿ ಹೋಗುವುದಿಲ್ಲ, ಎಚ್ಚರಿಕೆ ಗಂಟೆ ಮಾತ್ರ ನಿಲ್ಲುತ್ತದೆ. ‘ಏನೂ ಸುಳಿವು ಕೊಡದೆ ಕಚ್ಚಿತು’ ಎನ್ನಿಸಿಕೊಳ್ಳುವ ನಾಯಿಗಳು ತಯಾರಾಗುವುದು ಹೀಗೆಯೇ. ಹಿಂದೆ ಸರಿಯಿರಿ, ಯಾವುದಕ್ಕೆ ಗುರ್ ಅಂದಿತು ಎಂದು ಬರೆದಿಡಿ.

ಮುಟ್ಟುವುದಕ್ಕೂ ಒಂದು ಪರೀಕ್ಷೆ ಇದೆ. ತಲೆಯ ಮೇಲಿಂದ ಕೈ ಚಾಚದೆ, ಅದು ತಾನಾಗಿ ಹತ್ತಿರ ಬಂದಾಗ ಎದೆಯನ್ನೋ ಭುಜವನ್ನೋ ಮೂರು ಸೆಕೆಂಡು ಕೆರೆದು ಕೈ ತೆಗೆಯಿರಿ. ಮೈ ಒತ್ತಿ ಇನ್ನಷ್ಟು ಕೇಳಿದರೆ ಮುಂದುವರಿಸಿ. ಸುಮ್ಮನೆ ನಿಂತರೆ ಅದು ಒಪ್ಪಿಗೆಯಲ್ಲ, ಬಿಟ್ಟುಬಿಡಿ.

ಊಟ, ನೀರು

ಮೊದಲ ಒಂದೆರಡು ದಿನ ಊಟ ಮೂಸಿ ಬಿಡುವುದು ಮಾಮೂಲು. ಊಟ ಇಟ್ಟು 20 ನಿಮಿಷ ಬಿಟ್ಟು ತೆಗೆದುಬಿಡಿ, ಮುಂದಿನ ಹೊತ್ತಿಗೆ ಮತ್ತೆ ಇಡಿ. ಪಕ್ಕದಲ್ಲಿ ನಿಂತು ನೋಡಬೇಡಿ, ಹಲವು ನಾಯಿಗಳು ಯಾರೂ ಇಲ್ಲದಾಗ, ರಾತ್ರಿಯಲ್ಲಿ ಮಾತ್ರ ತಿನ್ನುತ್ತವೆ. ಆದರೆ 48 ಗಂಟೆ ದಾಟಿದರೂ ಏನೂ ತಿನ್ನದಿದ್ದರೆ, ಇಲ್ಲವೇ ಊಟ ಬಿಟ್ಟದ್ದರ ಜೊತೆ ವಾಂತಿ, ಭೇದಿ, ಮಂಕು ಸೇರಿದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ನೀರು ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ಬೇಕು. 20 ಕಿಲೋ ನಾಯಿಗೆ ಲೀಟರಿನ ಆಸುಪಾಸು, ಸೆಕೆ ಇದ್ದರೆ ಇನ್ನೂ ಹೆಚ್ಚು.

ಆಹಾರ ಬದಲಿಸುವುದಿದ್ದರೂ ಮೊದಲ ವಾರ ಹಳೆಯದೇ ಇರಲಿ. ಆಮೇಲೆ ಕಾಲು ಪಾಲು ಹೊಸದು ಎರಡು ಮೂರು ದಿನ, ಅರ್ಧ ಪಾಲು ಎರಡು ಮೂರು ದಿನ, ಮುಕ್ಕಾಲು ಪಾಲು ಮತ್ತೆರಡು ದಿನ, ನಂತರ ಪೂರ್ತಿ. ಒಮ್ಮೆಗೇ ಬದಲಿಸಿದರೆ ಭೇದಿ ಶುರುವಾಗುತ್ತದೆ. ಗಾಬರಿಯಿಂದಲೂ ಭೇದಿಯಾಗುವುದುಂಟು, ಎರಡೂ ಸೇರಿಕೊಂಡರೆ ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಕಲಿಸಲು ಕೊಡುವ ತಿನಿಸು ಬಟಾಣಿ ಗಾತ್ರದ್ದಿರಲಿ, ದಿನದ ಒಟ್ಟು ಕ್ಯಾಲರಿಯಲ್ಲಿ ಹತ್ತನೇ ಒಂದು ಪಾಲು ಮೀರದಿರಲಿ.

ತಿನ್ನುವಾಗ ತಟ್ಟೆಗೆ ಕೈಹಾಕಿ ‘ಅಭ್ಯಾಸ ಮಾಡಿಸುವ’ ಹಳೆಯ ಪದ್ಧತಿ ಒಂದಿದೆ. ಮಾಡಬೇಡಿ. ಕೈ ಬಂದರೆ ಊಟ ಹೋಗುತ್ತದೆ ಎಂದೇ ನಾಯಿ ಕಲಿಯುವುದು. ಬದಲಿಗೆ ಅದು ತಿನ್ನುತ್ತಿರುವಾಗ ಎರಡು ಮೂರು ಮೀಟರ್ ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ಚೂರು ಎಸೆದು ನಿಲ್ಲದೆ ಮುಂದೆ ಹೋಗಿ. ಕೆಲವು ದಿನಗಳಲ್ಲಿ ನೀವು ಬರುವುದನ್ನು ಕಂಡು ತಲೆಯೆತ್ತಿ ಬಾಲವಾಡಿಸುತ್ತದೆ, ಆಗ ಅರ್ಧ ಮೀಟರ್ ಹತ್ತಿರವಾಗಿ. ಬಾಯಲ್ಲಿ ಕದ್ದ ಚಪ್ಪಲಿ ಇದ್ದರೂ ಇದೇ ನ್ಯಾಯ. ಓಡಿಸಿಕೊಂಡು ಹೋಗದೆ, ಬದಲಿ ಕೊಟ್ಟು ಬಿಡಿಸಿಕೊಳ್ಳಿ.

ಮಲಮೂತ್ರ

ಹಳೆಯ ಮನೆಯಲ್ಲಿ ಶುದ್ಧವಾಗಿದ್ದ ನಾಯಿಯೂ ಹೊಸ ಮನೆಯಲ್ಲಿ ಗಲೀಜು ಮಾಡಬಹುದು. ಯಾವ ಬಾಗಿಲು ಹೊರಗೆ ಹೋಗುತ್ತದೆ, ಯಾರನ್ನು ಕೇಳಬೇಕು ಎಂದು ಅದಕ್ಕೆ ಗೊತ್ತಿಲ್ಲ. ಮೊದಲ ವಾರ ಮರಿಯಂತೆಯೇ ನೋಡಿಕೊಳ್ಳಿ. ಎದ್ದ ತಕ್ಷಣ, ಊಟವಾಗಿ 15ರಿಂದ 30 ನಿಮಿಷದೊಳಗೆ, ಆಟದ ನಂತರ, ಮಲಗುವ ಮುಂಚೆ, ಉಳಿದಂತೆ ಎರಡು ಮೂರು ಗಂಟೆಗೊಮ್ಮೆ ಅದೇ ಬಾಗಿಲಿನಿಂದ ಅದೇ ಜಾಗಕ್ಕೆ. ಕೆಲಸ ಮುಗಿದ ಒಂದೆರಡು ಸೆಕೆಂಡಿನೊಳಗೆ ಅಲ್ಲೇ ತಿನಿಸು ಕೊಡಿ. ಮನೆಗೆ ಬಂದಮೇಲೆ ಕೊಟ್ಟರೆ ಮನೆಗೆ ಬಂದದ್ದಕ್ಕೆ ಕೊಟ್ಟಂತಾಗುತ್ತದೆ. ಮುಗಿದ ಕೂಡಲೇ ಒಳಗೆ ಎಳೆದು ತರಲೂ ಬೇಡಿ. ಹಾಗೆ ಮಾಡಿದರೆ ಹೊರಗೆ ಹೆಚ್ಚು ಹೊತ್ತು ಇರಲಿಕ್ಕೆಂದೇ ತಡೆದುಕೊಳ್ಳುವುದನ್ನು ಕಲಿಯುತ್ತದೆ.

ಒಳಗೆ ಹೊಯ್ದದ್ದು ಕಂಡರೆ ಮೂಗು ಒತ್ತಿ ತೋರಿಸುವುದು, ಬೈಯುವುದು ವ್ಯರ್ಥ. ಮುಂದೆ ನಿಮ್ಮ ಎದುರು ಹೊಯ್ಯಲೇ ಹೆದರಿ ಸೋಫಾದ ಹಿಂದೆ ಹೊಯ್ಯುತ್ತದೆ. ಹಗ್ಗದಲ್ಲಿ ಹೊರಗೆ ಕರೆದೊಯ್ದಾಗಲೂ ನಿಮ್ಮ ಮುಂದೆ ಹೊಯ್ಯುವುದಿಲ್ಲ. ಅಮೋನಿಯ ಇರುವ ದ್ರಾವಣದಿಂದ ಒರೆಸಬೇಡಿ, ಅದರ ವಾಸನೆ ಉಚ್ಚೆಯನ್ನೇ ಹೋಲುತ್ತದೆ. ಕಿಣ್ವವಿರುವ ಕ್ಲೀನರ್ ಸುರಿದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ. ಸಾಮಾನ್ಯ ಫಿನಾಯಿಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗಲ್ಲ. ಪದೇ ಪದೇ ತೊಟ್ಟು ತೊಟ್ಟಾಗಿ ಹೊಯ್ಯುತ್ತಿದ್ದರೆ ಮೂತ್ರದ ಸೋಂಕಿರಬಹುದು, ತಪಾಸಣೆ ಮಾಡಿಸಿ.

ಡಾಕ್ಟರ ಹತ್ತಿರ

ಆರೋಗ್ಯವಾಗಿ ಕಂಡರೂ ಮೊದಲ ವಾರದೊಳಗೆ ಒಮ್ಮೆ ತೋರಿಸಿ. ಹೊಸ ಮಲದ ಮಾದರಿ ಒಯ್ದರೆ ಜಂತುಹುಳು ಗೊತ್ತಾಗುತ್ತದೆ. ಹಲ್ಲು, ಕಿವಿ, ಉಣ್ಣಿ, ತೂಕ ನೋಡಿಸಿ. ಸೊಳ್ಳೆಯಿಂದ ಹರಡುವ ಹೃದಯದ ಹುಳುವಿಗೆ ರಕ್ತಪರೀಕ್ಷೆ ಮಾಡಿಸಿದ ಮೇಲೆಯೇ ಅದರ ತಡೆಮದ್ದು ಶುರುಮಾಡುವುದು ಸರಿ. ಲಸಿಕೆಯ ದಾಖಲೆ ಇಲ್ಲದಿದ್ದರೆ ಹಾಕಿಲ್ಲ ಎಂದೇ ತಿಳಿದು ಡಾಕ್ಟರು ಹೊಸದಾಗಿ ಆರಂಭಿಸುತ್ತಾರೆ. ಮನೆಯಲ್ಲಿ ಬೆಕ್ಕಿದ್ದರೆ ಚಿಗಟಕ್ಕೆ ಬೆನ್ನ ಮೇಲೆ ಹಾಕುವ ಔಷಧದಲ್ಲಿ ಪರ್ಮೆಥ್ರಿನ್ ಇದೆಯೇ ಎಂದು ಕೇಳಿ. ನಾಯಿಗೆ ನಡೆಯುವ ಆ ಮದ್ದು ಬೆಕ್ಕಿಗೆ ಪ್ರಾಣಾಂತಿಕ.

ಪಾರ್ವೊ ಎಂಬ ವಾಂತಿಭೇದಿಯ ವೈರಸ್ ರೋಗದ ಲಕ್ಷಣ ಸೋಂಕು ತಗುಲಿ ಕೆಲವು ದಿನದಿಂದ ಎರಡು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ನಾಯಿಯಿಂದ ನಾಯಿಗೆ ಹರಡುವ ಕೆನೆಲ್ ಕೆಮ್ಮೂ ಸುಮಾರಾಗಿ ಹಾಗೆಯೇ. ಆದ್ದರಿಂದ ಮೊದಲ ಎರಡು ವಾರ ಬೀದಿಯ ಬೇರೆ ನಾಯಿಗಳ ಜೊತೆ ಬೆರೆಯಲು ಬಿಡದಿರುವುದೇ ಕ್ಷೇಮ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30ಕ್ಕಿಂತ ಕಡಿಮೆ ಇರಬೇಕು. ಮೊದಲ ವಾರವೇ ಎಣಿಸಿ ಬರೆದಿಟ್ಟರೆ ಮುಂದೆ ಹೋಲಿಸಲು ಬರುತ್ತದೆ. ಭೇದಿಯಲ್ಲಿ ರಕ್ತ ಕಂಡರೆ ಅದೇ ದಿನ ಹೋಗಿ.

ಒಂಟಿಯಾಗಿರುವುದನ್ನು ಕಲಿಸುವುದು

ಒಂದು ವಾರ ರಜೆ ಹಾಕಿ ನಾಯಿಯ ಜೊತೆ ಇಪ್ಪತ್ನಾಲ್ಕು ಗಂಟೆ ಕಳೆದು, ಎಂಟನೆಯ ದಿನ ಬೆಳಗ್ಗೆ ಒಂಬತ್ತು ಗಂಟೆ ಬಿಟ್ಟುಹೋಗುವುದು ತುಂಬಾ ಜನ ಮಾಡುವ ತಪ್ಪು. ಸಂಜೆ ಬಂದು ನೋಡಿದರೆ ಬಾಗಿಲಿನ ಚೌಕಟ್ಟು ಕಡಿದಿರುತ್ತದೆ, ಪಕ್ಕದವರು ಕಾದು ನಿಂತಿರುತ್ತಾರೆ. ರಜೆಯ ಎರಡನೆಯ ದಿನದಿಂದಲೇ ಅಭ್ಯಾಸ ಶುರುವಾಗಲಿ.

ಮೊದಲು ಮನೆಯೊಳಗೇ ದೂರ. ನೆಕ್ಕಲೋ ಅಗಿಯಲೋ ಏನಾದರೂ ಕೊಟ್ಟು, ಬಾಗಿಲ ಬಳಿಯ ಅಡ್ಡಗೇಟಿನ ಆಚೆ ಕೂತುಕೊಳ್ಳಿ, ಅರೆ ನಿಮಿಷಕ್ಕೆ ಮರಳಿ. ಆಮೇಲೆ ಕಣ್ಣಿಗೆ ಕಾಣದ ಕೋಣೆಗೆ. ಇದು ಸಲೀಸಾದಮೇಲೆ ಹೊರಬಾಗಿಲು ತೆರೆದು ಮುಚ್ಚಿ ಒಳಗೇ ಉಳಿಯಿರಿ. ನಂತರ ಹೊರಗೆ ಐದು ಸೆಕೆಂಡು, ಇಪ್ಪತ್ತು ಸೆಕೆಂಡು, ಒಂದು ನಿಮಿಷ, ಎರಡು, ಐದು. ಪ್ರತಿ ಸಲವೂ ಹೆಚ್ಚಿಸುತ್ತ ಹೋದರೆ ಕಷ್ಟ ಏರುತ್ತಲೇ ಇದೆಯೆಂದು ನಾಯಿಗೆ ಗೊತ್ತಾಗುತ್ತದೆ, ಆದ್ದರಿಂದ ಎರಡು ನಿಮಿಷದ ನಡುವೆ ಹತ್ತು ಸೆಕೆಂಡಿನದೂ ಬರಲಿ. ಅರ್ಧ ಗಂಟೆ ದಾಟುವುದೇ ಕಷ್ಟ. ಒಂಟಿತನಕ್ಕೆ ಕಂಗೆಡುವ ನಾಯಿಗಳಲ್ಲಿ ಹೆಚ್ಚಿನವು ಕಂಗೆಡುವುದು ಆ ಮೊದಲ ಅರ್ಧ ಗಂಟೆಯಲ್ಲೇ. ಅದನ್ನು ಮಲಗಿ ಕಳೆದರೆ ಮುಂದೆ ದೊಡ್ಡ ದೊಡ್ಡ ಹೆಜ್ಜೆ ಇಡಬಹುದು. ಬೀಗದ ಕೈ ಎತ್ತಿಕೊಂಡರೆ, ಶೂ ಹಾಕಿದರೆ ಹಿಂದೆಮುಂದೆ ಸುತ್ತುತ್ತಿದ್ದರೆ, ದಿನಕ್ಕೆ ಹತ್ತು ಸಲ ಬೀಗದ ಕೈ ಎತ್ತಿ ಸುಮ್ಮನೆ ಕುರ್ಚಿಯಲ್ಲಿ ಕೂತುಬಿಡಿ. ಅದರ ಅರ್ಥ ಅಳಿಸಿಹೋಗಲಿ.

ಹಳೆಯ ಫೋನೊಂದನ್ನು ಕ್ಯಾಮೆರಾ ಮಾಡಿ ಇಟ್ಟು ನೋಡಿ. ಬೇಸರಕ್ಕೆ ದಿಂಬು ಹರಿದ ನಾಯಿಯೂ, ಗಾಬರಿಗೆ ಜೊಲ್ಲು ಸುರಿಸಿ, ಊಳಿಟ್ಟು, ಬಾಗಿಲನ್ನೇ ಕೆರೆದು ಉಗುರು ಮುರಿದುಕೊಂಡ ನಾಯಿಯೂ ಒಂದೇ ಅಲ್ಲ. ಮೊದಲನೆಯದಕ್ಕೆ ಕೆಲಸ, ನಡಿಗೆ ಬೇಕು. ಎರಡನೆಯದನ್ನು ಕ್ರೇಟಿಗೆ ಹಾಕಿ ಬೀಗ ಹಾಕಿದರೆ ಹಲ್ಲು ಮುರಿದುಕೊಳ್ಳುತ್ತದೆ. ಅಭ್ಯಾಸ ಮುಗಿಯುವವರೆಗೆ ಯಾರಾದರೂ ಜೊತೆಗಿರುವ ಏರ್ಪಾಡು, ವರ್ತನೆ ಬಲ್ಲ ಡಾಕ್ಟರ ಸಲಹೆ, ಕೆಲವೊಮ್ಮೆ ಔಷಧವೂ ಬೇಕಾಗುತ್ತದೆ.

ಎರಡನೆಯ ವಾರದ ಹೊಸ ನಾಯಿ

ಎರಡು ಮೂರು ವಾರವಾದಾಗ ‘ಮೊದಲು ಎಷ್ಟು ಸಾಧುವಾಗಿತ್ತು, ಈಗ ಬೊಗಳುತ್ತದೆ, ಸೋಫಾ ಬಿಟ್ಟಿಳಿಯುವುದಿಲ್ಲ’ ಎಂಬ ಮಾತು ಬರುತ್ತದೆ. ನಾಯಿ ಕೆಟ್ಟಿಲ್ಲ. ಮೊದಲು ಉಸಿರು ಬಿಗಿಹಿಡಿದಿತ್ತು, ಈಗ ಬಿಟ್ಟಿದೆ. ಈ ಹೊತ್ತಿಗೆ ಮನೆಯ ನಿಯಮ ಒಂದೇ ಆಗಿರಬೇಕು. ಅಪ್ಪ ಸೋಫಾ ಹತ್ತಿಸಿ ಅಮ್ಮ ಇಳಿಸಿದರೆ ಅದು ಕಲಿಯುವುದು ಅಪ್ಪ ಅಮ್ಮನ ವ್ಯತ್ಯಾಸವನ್ನಷ್ಟೆ.

ಹೆಸರು ಬದಲಿಸಬಹುದು, ತೊಂದರೆಯಿಲ್ಲ. ಹೊಸ ಹೆಸರು ಹೇಳಿ, ತಿರುಗಿ ನೋಡುವ ಮೊದಲೇ ತಿನಿಸು ಕೊಡಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬೈಯಲು ಆ ಹೆಸರನ್ನು ಬಳಸಬೇಡಿ. ಜೊತೆಗೆ ಅಂಗೈಗೆ ಮೂಗು ಮುಟ್ಟಿಸುವುದು, ಕರೆದರೆ ಬರುವುದು ಇವೆರಡನ್ನು ಕಲಿಸಿದರೆ ಸಾಕು, ಕೈ ಕೊಡುವ ಆಟವೆಲ್ಲ ಆಮೇಲೆ. ನಡಿಗೆ ಮೊದಲು 15ರಿಂದ 20 ನಿಮಿಷ, ಗದ್ದಲವಿಲ್ಲದ ಹೊತ್ತಿನಲ್ಲಿ, ಅದೇ ದಾರಿಯಲ್ಲಿ. ಮೂಸುವುದಕ್ಕೆ ಹಗ್ಗ ಸಡಿಲ ಬಿಡಿ, ಮೂಸಿ ತಿಳಿಯುವುದೇ ಅದರ ನಡಿಗೆಯ ಉದ್ದೇಶ. ಬೆಳಗ್ಗೆ ಡಾಕ್ಟರು, ಮಧ್ಯಾಹ್ನ ಅತಿಥಿಗಳು, ಸಂಜೆ ಸಂತೆಬೀದಿಯ ನಡಿಗೆ ಎಂದು ಒಂದೇ ದಿನಕ್ಕೆ ಪೇರಿಸಬೇಡಿ. ಒಂದೊಂದನ್ನೂ ತಡೆದುಕೊಂಡ ನಾಯಿ ಮೂರೂ ಸೇರಿದಾಗ ಮಗುವಿನ ಚೆಂಡಿನ ಸದ್ದಿಗೂ ಹಲ್ಲು ತೋರಿಸುತ್ತದೆ.

ಮನೆಯ ಉಳಿದವರು

ಮೊದಲೇ ಒಂದು ನಾಯಿ ಇದ್ದರೆ ಪರಿಚಯ ಮನೆಯಲ್ಲಿ ಬೇಡ, ಎರಡಕ್ಕೂ ಸಂಬಂಧವಿಲ್ಲದ ಬಯಲಿನಲ್ಲಿ ಆಗಲಿ. ಇಬ್ಬರು ಒಂದೊಂದು ನಾಯಿ ಹಿಡಿದು 10ರಿಂದ 15 ಮೀಟರ್ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಯಿರಿ. ಎರಡೂ ಪರಸ್ಪರ ನೋಡಿ ಮತ್ತೆ ನೆಲ ಮೂಸತೊಡಗಿದರೆ ಅಂತರ ಕಡಿಮೆ ಮಾಡುತ್ತ ಬನ್ನಿ. ಮೂತಿಗೆ ಮೂತಿ ತಾಗಿಸಿ ಹಗ್ಗ ಬಿಗಿಹಿಡಿಯಬೇಡಿ, ಬಿಗಿದ ಹಗ್ಗದ ತುದಿಯಲ್ಲಿ ಎಂಥ ಸಾಧುನಾಯಿಯೂ ಕೆರಳುತ್ತದೆ. ಮೂಸುವುದಾದರೆ ಮೂರು ಸೆಕೆಂಡು, ಆಮೇಲೆ ಕರೆದು ಮುಂದೆ ನಡೆಯಿರಿ. ಮನೆಯಲ್ಲಿ ಆಟಿಕೆ, ಮೂಳೆ ಎತ್ತಿಟ್ಟಿರಿ. ಊಟ ಬೇರೆ ಬೇರೆ ಕೋಣೆಯಲ್ಲಿ, ಕೆಲವು ವಾರ ಮಾತ್ರವಲ್ಲ, ಬೇಕಾದರೆ ಯಾವಾಗಲೂ.

ಬೆಕ್ಕಿಗೆ ನಾಯಿ ಹತ್ತಲಾರದ ಎತ್ತರದ ಜಾಗ ಮತ್ತು ನಾಯಿ ಹೋಗಲಾರದ ಒಂದು ಕೋಣೆ ಬೇಕು. ಮೊದಲು ಹಾಸಿಗೆ ಬಟ್ಟೆ ಅದಲು ಬದಲು ಮಾಡಿ ವಾಸನೆಯ ಪರಿಚಯ, ಆಮೇಲೆ ಗೇಟಿನ ಆಚೀಚೆ, ಆಮೇಲೆ ಹಗ್ಗದಲ್ಲಿ. ಬೆಕ್ಕನ್ನು ಕಂಡು ಕಲ್ಲಾಗಿ ನಿಂತು, ಹೆಸರು ಕರೆದರೂ ತಿನಿಸು ಮೂಗಿಗೆ ಹಿಡಿದರೂ ಕಣ್ಣು ಕೀಳದ ನಾಯಿಯನ್ನು ಅದರ ಜೊತೆ ಒಂದು ನಿಮಿಷವೂ ಬಿಡಬೇಡಿ.

ಮಕ್ಕಳಿಗೆ ಮೂರು ಮಾತು ಹೇಳಿ: ಮಲಗಿದಾಗ, ತಿನ್ನುವಾಗ ಹತ್ತಿರ ಹೋಗಬಾರದು, ತಬ್ಬಿಕೊಳ್ಳಬಾರದು, ಅದು ಎದ್ದುಹೋದರೆ ಹಿಂದೆ ಹೋಗಬಾರದು. ಹೇಳಿದ ಮೇಲೂ ಚಿಕ್ಕಮಕ್ಕಳನ್ನು ನಾಯಿಯ ಜೊತೆ ಒಂಟಿಯಾಗಿ ಬಿಡಬೇಡಿ. ಯಾರಿಗಾದರೂ ಹಲ್ಲು ತಾಗಿ ಚರ್ಮ ತರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಸಣ್ಣದೆಂದು ಬಿಡದೆ ವೈದ್ಯರಿಗೆ ತೋರಿಸಿ.

ಕೈತಪ್ಪಿ ಓಡಿದರೆ

ಬೆನ್ನಟ್ಟಬೇಡಿ, ಹೆಸರು ಕೂಗಬೇಡಿ. ವಾರದ ಹಿಂದೆ ಬಂದ ನಾಯಿಗೆ ನೀವಿನ್ನೂ ಅಪರಿಚಿತರೇ, ಕೂಗುತ್ತ ಬರುವ ಮನುಷ್ಯರಿಂದ ದೂರ ಓಡುವುದೇ ಅದಕ್ಕೆ ತೋಚುವುದು. ಕಣ್ಣಿಗೆ ಕಾಣುತ್ತಿದ್ದರೆ ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತು ತಿನಿಸನ್ನು ಸುತ್ತ ಚೆಲ್ಲಿ. ಕಣ್ಮರೆಯಾದರೆ ಕೊನೆಗೆ ಕಂಡ ಜಾಗದಲ್ಲಿ ಅದರ ಹಾಸಿಗೆ ಬಟ್ಟೆ, ನಿಮ್ಮದೊಂದು ಬೆವರಿನ ಅಂಗಿ, ನೀರು, ಗಾಢ ವಾಸನೆಯ ಆಹಾರ ಇಟ್ಟು, ದೂರದಿಂದ ನೋಡುತ್ತಿರಿ. ನಾಯಿ ಕೊಟ್ಟವರಿಗೆ, ಸುತ್ತಲಿನ ಪಶುಚಿಕಿತ್ಸಾಲಯಗಳಿಗೆ ಕೂಡಲೇ ತಿಳಿಸಿ. ಊರವರಿಗೆ ಹಂಚುವ ಫೋಟೋದಲ್ಲಿ ‘ಕಂಡರೆ ಹಿಡಿಯಬೇಡಿ, ಓಡಿಸಬೇಡಿ, ಫೋನ್ ಮಾಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

ಮೂರನೆಯ ತಿಂಗಳು

ಬೆನ್ನ ಮೇಲೆ ಹೊರಳಿ ಹೊಟ್ಟೆ ಮೇಲಾಗಿ ನಿದ್ದೆ ಮಾಡುವುದು, ನೀವು ಎದ್ದಾಗಲೆಲ್ಲ ಹಿಂದೆ ಬರದೆ ಕಣ್ಣು ಅರೆತೆರೆದು ನೋಡಿ ಮತ್ತೆ ಮಲಗುವುದು, ಬಾಗಿಲು ಬಡಿದಾಗ ಬೊಗಳಿ ನಿಮ್ಮ ಮುಖ ನೋಡುವುದು, ತಾನಾಗಿ ಆಟಿಕೆ ತರುವುದು, ಇವೆಲ್ಲ ನೆಲೆ ಕಂಡದ್ದರ ಗುರುತು. ತಿಂಗಳೊಂದು ಕಳೆದರೂ ಮೂಲೆ ಬಿಡದಿದ್ದರೆ, ಗುರುಗುಟ್ಟುವುದು ದಿನದಿನಕ್ಕೆ ಹೆಚ್ಚುತ್ತಿದ್ದರೆ, ಒಮ್ಮೆ ಕಚ್ಚಿದ್ದರೆ ಕಾಯಬೇಡಿ. ಮೊದಲು ಡಾಕ್ಟರು, ಏಕೆಂದರೆ ಹಲ್ಲುನೋವು, ಕೀಲುನೋವು, ಕಿವಿಯ ಸೋಂಕು ಮುಂಗೋಪದ ವೇಷದಲ್ಲಿ ಬರುತ್ತವೆ. ಆಮೇಲೆ ತಿನಿಸು ಕೊಟ್ಟು ಕಲಿಸುವ ತರಬೇತುದಾರರು. ಚುಚ್ಚುವ ಬೆಲ್ಟು, ಕರೆಂಟಿನ ಬೆಲ್ಟು ತೆಗೆಯುವವರ ಮನೆಯಿಂದ ಹಿಂತಿರುಗಿ ಬನ್ನಿ. ಬುಟ್ಟಿಯಂಥ ಬಾಯಿಕುಕ್ಕೆ ಹಾಕಲು ಕಲಿಸುವುದಾದರೆ ಒಳಗೆ ತಿನಿಸು ಇಟ್ಟು ತಾನಾಗಿ ಮೂತಿ ತೂರಿಸುವಂತೆ ಮಾಡಿ, ಪಟ್ಟಿ ಬಿಗಿಯುವುದು ಒಂದು ವಾರದ ನಂತರ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವಷ್ಟು ಅದು ಅಗಲವಿರಬೇಕು.

ಉದ್ದ ಹಗ್ಗವನ್ನು ಮಾತ್ರ ಬೇಗ ಬಿಚ್ಚಬೇಡಿ. ಬೇಲಿಯಿರುವ ಬಯಲಿನಲ್ಲಿ, ಬೇರೆ ನಾಯಿಯನ್ನೋ ಹಕ್ಕಿಯನ್ನೋ ನೋಡುತ್ತಿರುವಾಗ ಕರೆದರೆ, ಹತ್ತು ಸಲದಲ್ಲಿ ಒಂಬತ್ತು ಸಲ ಓಡಿ ಬರುವವರೆಗೆ ಅದು ಹಾರ್ನೆಸ್‌ನಲ್ಲೇ ಇರಲಿ.